ಸರ್ಕಾರಕ್ಕೆ ಒಂದು ಪುಡಿಕೆ ವಿಭೂತಿ

ಅರ್ಜಿ ಬರೆಯುವುದರಲ್ಲಿ ತಮ್ಮನ್ನು ಮೀರಿಸುವವರು ಅಮೆರಿಕದಲ್ಲಿ ಇನ್ನೂ ಹುಟ್ಟಿಲ್ಲ ಎಂಬುದು ನಮ್ಮ ಅಪ್ಪ ಅಮರೇಶ್ವರ ಅವರ ದೃಢವಾದ ನಂಬಿಕೆ. ನ್ಯೂಜೆರ್ಸಿಯ ಪಿಸ್ಕಾಟವೇ ಊರಿನ ಒಂದು ಟೆಲಿಕಾಂ ಕಂಪನಿಯಲ್ಲಿ ಅವರು ವೈರಿಂಗ್ ನಕ್ಷೆ ನೋಡಿಕೊಳ್ಳುವ ಇಂಜಿನಿಯರ್. ಅದು ಹೊಟ್ಟೆಪಾಡು, ಅರ್ಜಿ ಅವರ ಕಲೆ. ಬಾಗಲಕೋಟೆಯಲ್ಲಿದ್ದಾಗ ನಳದ ಸಂಪರ್ಕ ಬೇಡಿ ಅವರು ಬರೆದ ಅರ್ಜಿಯನ್ನು ಓದಿ ಮುನ್ಸಿಪಾಲಿಟಿಯ ಸಾಹೇಬರು ಕಣ್ಣೊರೆಸಿಕೊಂಡಿದ್ದರಂತೆ. ನಳ ಬಂತೇ ಎಂದು ನಾನು ಒಮ್ಮೆ ಕೇಳಿದ್ದೆ. "ಅದು ಬ್ಯಾರೆ ಇಲಾಖೆ," ಎಂದಿದ್ದರು.

ಎರಡು ಸಾವಿರದ ಒಂದನೇ ಇಸವಿಯ ಅಕ್ಟೋಬರಿನಲ್ಲಿ ಆ ಕಲೆಗೆ ನಾನು ಬಲಿಯಾದೆ. ಅದೇ ಮೇ ತಿಂಗಳಲ್ಲಿ ನನ್ನ ನರ್ಸಿಂಗ್ ಪದವಿ ಮುಗಿದಿತ್ತು. ನರ್ಸುಗಳೇ ಸಿಗದ ಒಂದು ದೊಡ್ಡ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಕೆಲಸವೂ ಸಿಕ್ಕಿತ್ತು. ಮನೆಯಲ್ಲಿ, ಅಂಗಡಿಯಲ್ಲಿ, ಫೋನಿನಲ್ಲಿ ಎಲ್ಲೂ ಬಾಯಿ ಬಿಡದ ನಾನು ಆ ಮಹಡಿಯಲ್ಲಿ ಮಾತ್ರ ಆರಡಿ ಎತ್ತರದ ಗಂಡಸರಿಗೆ "ಕೂತ್ಕೊಳ್ಳಿ, ಸೂಜಿ ಚುಚ್ಚಬೇಕು" ಎನ್ನುತ್ತಿದ್ದೆ; ಅವರು ಕೂರುತ್ತಿದ್ದರು. ಇದು ಹೇಗೆ ಸಾಧ್ಯವಾಗುತ್ತಿತ್ತು ಎಂದು ನನಗೂ ಗೊತ್ತಿರಲಿಲ್ಲ. ಆದ್ದರಿಂದಲೇ ಆ ಕೆಲಸ ಬಿಡಲು ನನಗೆ ಮನಸ್ಸಿರಲಿಲ್ಲ.

ಬಿಡುವ ಮಾತು ಬಂದದ್ದು ಕಾಲೇಜಿನ ಸಾಲದಿಂದ. ಮೂವತ್ತೆಂಟು ಸಾವಿರ ಡಾಲರ್. ನಮ್ಮ ಸುತ್ತಲಿನವರೆಲ್ಲ ಕಂಪ್ಯೂಟರಿನಿಂದ ಬದುಕುತ್ತಿದ್ದ ಕಾಲ ಅದು. ಕಂಪ್ಯೂಟರ್ ಗೊತ್ತಿಲ್ಲದವರೂ ಕಂಪ್ಯೂಟರಿನಿಂದಲೇ ಬದುಕುತ್ತಿದ್ದರು. ಆ ಕಾಲ ಮುಗಿಯುತ್ತಿದೆ ಎಂದು ಪತ್ರಿಕೆಗಳು ಬರೆಯುತ್ತಿದ್ದವು. ಹತ್ತಿರದ ಮನ್ರೋ ಊರಿನಲ್ಲಿ ತಮ್ಮ ಮನೆಯ ಬೇಸ್‌ಮೆಂಟಿನಲ್ಲೇ ಆರು ವಾರದ ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸ್ ನಡೆಸುತ್ತಿದ್ದ ಸುಬ್ಬು ಅಂಕಲ್ ಮಾತ್ರ ಇದನ್ನು ಒಪ್ಪಿರಲಿಲ್ಲ. ಅವರ ಬೇಸ್‌ಮೆಂಟಿಗೆ ಇಳಿದವರೆಲ್ಲ ಗಂಟೆಗೆ ನಲವತ್ತು ಡಾಲರ್ ದುಡಿಯುತ್ತ ಮೇಲೆ ಬಂದಿದ್ದಾರೆ ಎಂಬುದು ಅಪ್ಪನ ತಿಳಿವಳಿಕೆ.

ಆಗ ಒಂದು ಸರ್ಕಾರಿ ಯೋಜನೆ ನನ್ನ ಕಣ್ಣಿಗೆ ಬಿತ್ತು. ನರ್ಸುಗಳ ಕೊರತೆಯಿರುವ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದರೆ ಸಾಲದ ಅರ್ಧಕ್ಕಿಂತ ಹೆಚ್ಚನ್ನು ಸರ್ಕಾರವೇ ತೀರಿಸುತ್ತದೆ. ಗ್ರೀನ್ ಕಾರ್ಡ್ ಇದ್ದರೆ ಸಾಕು. ಅದು ನಮಗೆ ಬಂದು ಎರಡು ವರ್ಷವಾಗಿತ್ತು. ಅಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಓದಿ ಒಪ್ಪಂದಕ್ಕೆ ಬಂದರು.

"ನೋಡು ಅಕ್ಷಯಾ, ದೀಪಾವಳಿ ಪಾಡ್ಯದೊಳಗ 'ನೀ ಅರ್ಹ ಅದಿ' ಅಂತ ಅವರ ಕಡೆಯಿಂದ ಒಂದು ಕಾಗದ ಬಂತಂದ್ರ, ನೀ ನರ್ಸ್. ಬರಲಿಲ್ಲಂದ್ರ, ಸುಬ್ಬೂನ ಹೊಸಾ ಬ್ಯಾಚ್. ಆದ್ರ ಅರ್ಜಿ ನಾ ಬರೀತೇನಿ."

ಅವ್ವ ಇದ್ದಿದ್ದರೆ ತಡೆಯುತ್ತಿದ್ದಳು. ಅವಳು ತಂಗಿಯ ಬಾಣಂತನಕ್ಕೆಂದು ಧಾರವಾಡಕ್ಕೆ ಹೋಗಿದ್ದಳು. ಮನೆಯಲ್ಲಿ ಉಳಿದವರು ಅಪ್ಪ, ನಾನು ಮತ್ತು ಅಪ್ಪನ ತಾಯಿ ಚನ್ನಬಸಮ್ಮಜ್ಜಿ.

ನಾಲ್ಕು ಪುಟದ ಫಾರ್ಮಿನ ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಒಂದು ಸೂಚನೆಯಿತ್ತು: ಕೇಳಿದ ದಾಖಲೆಗಳ ಹೊರತು ಬೇರೇನನ್ನೂ ಲಗತ್ತಿಸಬಾರದು. ಅಪ್ಪ ಇದನ್ನು ಓದಿ ನಕ್ಕರು. "ಬ್ಯಾಡ ಅಂತ ಬರದಾರಂದ್ರ ಏನರ್ಥ? ಕೊಡೋರು ಭಾಳ ಮಂದಿ ಅದಾರ ಅಂತ. ನಾವಷ್ಟ ಕೊಡದ ಕುಂತ್ರ ಹಿಂದ ಬೀಳ್ತೇವಿ."

"ಅಪ್ಪಾ, ಇದು ಇಲ್ಲಿಯ ಸರ್ಕಾರ."

"ಸರ್ಕಾರ ಅಂದ್ರ ಸರ್ಕಾರ. ಹಂಚಿನ ಮನಿ ಒಳಗ ಇದ್ರೂ ಅದ, ಗಾಜಿನ ಬಿಲ್ಡಿಂಗ್‌ನಾಗ ಇದ್ರೂ ಅದ."

ಹೀಗೆ ಒಂದು ಪತ್ರ ಹುಟ್ಟಿತು. 'ವಿತ್ ಡ್ಯೂ ರೆಸ್ಪೆಕ್ಟ್ ಅಂಡ್ ಹಂಬಲ್ ಸಬ್‌ಮಿಷನ್' ಎಂದು ಶುರುವಾಗಿ ಮೂರನೆಯ ಪುಟದಲ್ಲಿ ನನ್ನ ಹೆಸರು ಬರುತ್ತಿತ್ತು. ಜೊತೆಗೆ ನನ್ನ ಲಸಿಕೆ ಕಾರ್ಡು, ಏಳನೇ ತರಗತಿಯ ಪ್ರಬಂಧ ಸ್ಪರ್ಧೆಯ ಪ್ರಮಾಣಪತ್ರ ಮತ್ತು, ವಂಶದ ಯೋಗ್ಯತೆ ತಿಳಿಯಲೆಂದು, ಅಪ್ಪನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ನಾನು ತೆಗೆಯುತ್ತಿದ್ದೆ, ಅವರು ಸೇರಿಸುತ್ತಿದ್ದರು. ಕೊನೆಗೆ ಭಾನುವಾರ ಅವರು ಸ್ನಾನಕ್ಕೆ ಹೋದಾಗ ನಾನು ಎಲ್ಲ ಕಿತ್ತುಹಾಕಿ, ಲಕೋಟೆ ಮುಚ್ಚಿ, ಆಸ್ಪತ್ರೆಯ ಅಂಟುಪಟ್ಟಿಯನ್ನು ನಾಲ್ಕು ಸುತ್ತು ಸುತ್ತಿಬಿಟ್ಟೆ. ಅದು ಬೆವರಿದ ಎದೆಯ ಮೇಲೂ ಬಿಡದೆ ಹಿಡಿಯುವ ಜಾತಿಯದು. ಅಪ್ಪ ಹೊರಬಂದು ನೋಡಿ, ನಿಟ್ಟುಸಿರು ಬಿಟ್ಟು, ಲಕೋಟೆಯನ್ನು ಮೈಕ್ರೋವೇವಿನ ಮೇಲಿರುವ ದೇವರ ಜಗಲಿಯ ಮುಂದಿಟ್ಟರು. ಮಾರನೆಯ ಬೆಳಿಗ್ಗೆ ಅಂಚೆಗೆ ಹಾಕಿ ಬಂದರು.

ಸೋಮವಾರ ನಿಶ್ಚಿಂತೆ. ಮಂಗಳವಾರ ನಿಶ್ಚಿಂತೆ. ಬುಧವಾರವೂ ಆಗಿಹೋಯಿತು.

ಗುರುವಾರ ಸಂಜೆ ಪಕ್ಕದ ಅಪಾರ್ಟ್‌ಮೆಂಟಿನ ಕೃಷ್ಣಮೂರ್ತಿ ಅಂಕಲ್ ಬಾಗಿಲು ತಟ್ಟಿದರು. ಕೈಗೆ ಪಾತ್ರೆ ತೊಳೆಯುವ ಹಳದಿ ಗ್ಲೌಸು. ಗ್ಲೌಸಿನಲ್ಲಿ ಅಡುಗೆಮನೆಯ ಇಕ್ಕಳ. ಇಕ್ಕಳದ ತುದಿಯಲ್ಲಿ ನಮ್ಮ ಕರೆಂಟಿನ ಬಿಲ್ಲು.

"ನಿಮ್ಮ ಬಿಲ್ಲು ನಮ್ಮ ಬಾಕ್ಸಿಗೆ ಬಂದಿತ್ತು. ಟಿವಿ ನೋಡಿಲ್ವಾ? ಕಾಗದದಲ್ಲಿ ಬಿಳಿ ಪುಡಿ ಇಟ್ಟು ಕಳಿಸ್ತಿದಾರೆ ಕಣ್ರೀ, ಭಯಂಕರ ರೋಗದ್ದು! ಆ ಕಾಗದಗಳು ಹೋಗಿರೋದು ನಮ್ಮ ನ್ಯೂಜೆರ್ಸಿ ಇಂದಾನೇ. ದೊಡ್ಡ ಪೋಸ್ಟ್ ಆಫೀಸೇ ಮುಚ್ಚಿಸಿದಾರೆ. ವಾಷಿಂಗ್ಟನ್ನಲ್ಲಿ ಲಕೋಟೆ ಮುಟ್ಟೋಕೂ ಹೆದರ್ತಿದಾರಂತೆ."

ಟಿವಿ ಹಾಕಿದೆವು. ನಿಜವೇ. ಮೊದಲೇ ಸೆಪ್ಟೆಂಬರಿನಲ್ಲಿ ಅವಳಿ ಗೋಪುರಗಳು ಉರುಳಿದಾಗಿನಿಂದ ನಮ್ಮ ಬಣ್ಣದವರು ಕಾಸ್ಟ್ಕೋ ಅಂಗಡಿಯಲ್ಲಿ ಹಿಟ್ಟಿನ ಚೀಲ ಎತ್ತುವಾಗಲೂ ಅಕ್ಕಪಕ್ಕ ನೋಡಿಕೊಳ್ಳುತ್ತಿದ್ದರು. ಈಗ ಇದು. ಅಡಿಯಿಂದ ಮುಡಿಯವರೆಗೆ ಬಿಳಿ ಉಡುಪಿನಲ್ಲಿ ಮುಚ್ಚಿಕೊಂಡವರು ಪರದೆಯ ಮೇಲೆ ಓಡಾಡುತ್ತಿದ್ದರು. ಅಜ್ಜಿ ಬಹಳ ಆಸಕ್ತಿಯಿಂದ ನೋಡಿದರು.

"ಬಿಳೀ ಪುಡಿ ಅಂದ್ರ ಎಂಥಾದ್ದೋ? ನಮ್ಮ ವಿಭೂತಿ ಹಂಗನ?"

"ಹೂನಬೇ. ಹಂಗ ಕಾಣ್ತೈತೇನೋ."

"ಅವರಿಗೂ ಯಾರೋ ಕಳಿಸ್ಯಾರ ಅಂದಂಗಾತು. ಛಲೋ ಆತು ಬಿಡು, ನಮ್ಮದೂ ಹೋಗೈತಿ."

ಕೃಷ್ಣಮೂರ್ತಿ ಅಂಕಲ್ ಕೈಯಿಂದ ಇಕ್ಕಳ ಬಿತ್ತು. ಅಪ್ಪ ಟಿವಿ ಆರಿಸಿದರು. ಪರದೆಯ ಮೇಲಿನವರಿಗೆ ಕೇಳಿಸಬಾರದು ಎಂಬಂತೆ.

"ಏನಂದಿ ಯವ್ವಾ?"

"ಲಕೋಟಿ ಒಳಗ ಒಂದು ಪುಡಿಕಿ ಇಟ್ಟೇನೋ. ಹುಡುಗೀ ಬದುಕಿನ ಪ್ರಶ್ನಿ, ಖಾಲಿ ಕಾಗದ ಹೆಂಗ ಕಳಸೂದು? ಸಾಹೇಬರು ಹಣಿಗೆ ಹಚ್ಚಿಕೊಂಡು ಸಹಿ ಹಾಕಲಿ ಅಂತ."

"ಎಷ್ಟು ಇಟ್ಟಿದೀರಿ ಅಜ್ಜೀ?" ಎಂದು ನಾನು ಕೇಳಿದೆ.

"ಭಾಳಿಲ್ಲವ್ವಾ. ಅರ್ಧ ಗಟ್ಟಿ. ನುಣ್ಣಗ ಪುಡಿ ಮಾಡೇನಿ, ಅವರಿಗೆ ತೊಂದ್ರಿ ಆಗಬಾರದಂತ."

ನುಣ್ಣಗೆ ಎಂಬ ಪದ ಆ ಕೋಣೆಯಲ್ಲಿ ಬಹಳ ಹೊತ್ತು ನಿಂತಿತ್ತು.

ಕೃಷ್ಣಮೂರ್ತಿ ಅಂಕಲ್ ನಮ್ಮ ಕಾಂಪ್ಲೆಕ್ಸಿನ ಕಾನೂನು ಪಂಡಿತರು. ಒಮ್ಮೆ ಜ್ಯೂರಿಗೆಂದು ಕೋರ್ಟಿನಿಂದ ಕರೆ ಬಂದು, ಅಲ್ಲಿ ಎರಡು ಗಂಟೆ ಕೂತು, ಬೇಡವೆನಿಸಿಕೊಂಡು ವಾಪಸು ಬಂದಿದ್ದರು. ಅವರು ಗ್ಲೌಸು ಬಿಚ್ಚದೆಯೇ ಸಲಹೆ ಕೊಟ್ಟರು. "ನೋಡಿ ಅಮರೇಶ್ವರ್, ನೀವಾಗಿ ಹೇಳಿದ್ರೆ ಅದು ಡಿಸ್‌ಕ್ಲೋಷರ್. ಅವರಾಗಿ ಕಂಡುಹಿಡಿದ್ರೆ ಕನ್ಸೀಲ್‌ಮೆಂಟ್. ಗ್ರೀನ್ ಕಾರ್ಡಿಗೇ ಸಂಚಕಾರ. ಹಾಗಂತ ಪೂರ್ತಿ ಹೇಳಿದ್ರೆ ಗಾಬರಿ ಆಗ್ತಾರೆ. ಸೂಚ್ಯವಾಗಿ ಹೇಳ್ಬೇಕು."

"ಸೂಚ್ಯವಾಗಿ," ಎಂದು ಅಪ್ಪ ತಲೆಯಾಡಿಸಿದರು. ನಮ್ಮ ಮನೆತನದಲ್ಲಿ ಯಾರೂ ಯಾವುದನ್ನೂ ಸೂಚ್ಯವಾಗಿ ಹೇಳಿದ ದಾಖಲೆ ಇಲ್ಲ.

"ಯಾರಿಗೂ ಹೇಳ್ಬೇಡಿ," ಎಂದು ಅಪ್ಪ ಕೈಮುಗಿದರು. ಅಂಕಲ್ ಯಾರಿಗೂ ಹೇಳಲಿಲ್ಲ, ಹೆಂಡತಿ ಪದ್ಮಜಾ ಆಂಟಿಯನ್ನು ಬಿಟ್ಟು. ಒಂಬತ್ತು ಗಂಟೆಗೆ ಆಂಟಿಯ ಫೋನು ಬಂತು. "ಅಕ್ಷಯಾ, ನೀನೇನೂ ಯೋಚ್ನೆ ಮಾಡ್ಬೇಡಮ್ಮ. ನಾನು ಯಾರಿಗೂ ಹೇಳ್ಬೇಡಿ ಅಂತ ಹೇಳೇ ಎಲ್ರಿಗೂ ಹೇಳಿದೀನಿ."

ಶುಕ್ರವಾರ ನನಗೆ ರಜೆ. ಮೊದಲ ಹೆಜ್ಜೆ ನನ್ನದು ಎಂದು ತೀರ್ಮಾನವಾಗಿತ್ತು: ಆ ಕಚೇರಿಗೆ ಫೋನ್ ಮಾಡಿ, ಅರ್ಜಿ ತಲುಪಿದೆಯೇ ಎಂದು ತಿಳಿದುಕೊಳ್ಳುವುದು. ಗುರುತಿಲ್ಲದವರಿಗೆ ಫೋನ್ ಮಾಡುವ ಮುಂಚೆ ಡೈರಿಯಲ್ಲಿ ಮಾತುಗಳನ್ನು ಇಂಗ್ಲಿಷಿನಲ್ಲಿ ಬರೆದಿಟ್ಟುಕೊಳ್ಳುವುದು ನನ್ನ ಪದ್ಧತಿ. ಬರೆದೆ. ಒಂದು, ಹಲೋ ಅನ್ನು. ಎರಡು, ಹೆಸರು ನಿಧಾನವಾಗಿ, ಒಂದೊಂದೇ ಅಕ್ಷರ. ಮೂರು, ಅರ್ಜಿ ಬಂತೇ ಎಂದು ಕೇಳು. ನಾಲ್ಕು, ಪೌಡರ್ ಎಂಬ ಮಾತು ಎತ್ತಬೇಡ. ನಾಲ್ಕನೆಯದರ ಕೆಳಗೆ ಎರಡು ಗೆರೆ ಎಳೆದೆ.

ಫೋನೆತ್ತಿದ ಹೆಂಗಸಿನ ದನಿ ಬೆಣ್ಣೆಯಂತಿತ್ತು. ಒಂದು ಮತ್ತು ಎರಡು ಸುಸೂತ್ರವಾಗಿ ಆದವು. ಮೂರನ್ನೂ ಕೇಳಿದೆ.

"ಈ ಗಲಾಟೆಯಲ್ಲಿ ಅಂಚೆಯೆಲ್ಲ ತಡವಾಗ್ತಿದೆ, ಹನೀ. ಬಂದಿರಬಹುದು, ಇನ್ನೂ ತೆರೆದಿಲ್ಲದಿರಬಹುದು. ಬೇರೇನಾದರೂ ತಿಳೀಬೇಕಿತ್ತಾ?"

ಬೇರೇನೂ ಇಲ್ಲ ಎಂದು ಇಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನಾನು ನರ್ಸು. ಬಾಯಿ ತನ್ನಷ್ಟಕ್ಕೆ ತೆರೆಯಿತು.

"ನಿಮ್ಮಲ್ಲಿ ಲಕೋಟೆ ತೆರೆಯುವವರು... ಆರೋಗ್ಯವಾಗಿದ್ದಾರೆಯೇ?"

ಆ ಕಡೆ ಬೆಣ್ಣೆ ಗಟ್ಟಿಯಾಯಿತು. "ಮೇಡಂ, ಯಾಕೆ ಕೇಳ್ತಿದ್ದೀರಿ? ನಿಮ್ಮ ಹೆಸರು ಇನ್ನೊಮ್ಮೆ ಹೇಳ್ತೀರಾ?"

ಫೋನ್ ಇಟ್ಟುಬಿಟ್ಟೆ. ಆಮೇಲೆ ನೆನಪಾಯಿತು: ಹೆಸರು ಮೊದಲೇ ಹೇಳಿಯಾಗಿತ್ತು, ನಿಧಾನವಾಗಿ, ಒಂದೊಂದೇ ಅಕ್ಷರ.

ಎರಡನೆಯ ಹೆಜ್ಜೆ ಅಪ್ಪನದು. ಅವರು ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಕೃಷ್ಣಮೂರ್ತಿ ಅಂಕಲ್ಲನ್ನು ವಕೀಲರಾಗಿಯೂ ನನ್ನನ್ನು ಸಾಕ್ಷಿಯಾಗಿಯೂ ಕರೆದುಕೊಂಡು ಅಂಚೆ ಕಚೇರಿಗೆ ಡ್ರೈವ್ ಮಾಡಿದರು. ಸಾಲಿನಲ್ಲಿ ನಮ್ಮ ಹಿಂದೆ ಹತ್ತು ಜನ ಇದ್ದರು. ಕೌಂಟರಿನಲ್ಲಿ ಬೋಳುತಲೆಯ, ನಿದ್ದೆಗಣ್ಣಿನ ಗುಮಾಸ್ತ. ಅಪ್ಪ ಜೇಬಿನಿಂದ ರಸೀದಿ ತೆಗೆದು ಕೊಟ್ಟರು. ಒಂದಕ್ಕಿಂತ ಹೆಚ್ಚಿದ್ದಂತೆ ಕಂಡಿತು. ಅಪ್ಪ ಎಲ್ಲದಕ್ಕೂ ನಕಲು ಇಡುವವರು. ನಾನು ಗಮನ ಕೊಡಲಿಲ್ಲ.

"ಸರ್, ಸೋಮವಾರ ಕಳಿಸಿದ್ದು ವಾಪಸ್ ಬೇಕು."

"ಅದು ಆವತ್ತೇ ಹೋಯ್ತು. ಯಾಕೆ ಬೇಕು?"

ಅಪ್ಪ ಸೂಚ್ಯವಾಗಿ ಮುಗುಳ್ನಕ್ಕರು. "ನಥಿಂಗ್ ಸರ್. ದೇರ್ ಈಸ್ ನೋ ಪೌಡರ್ ಇನ್ ಇಟ್."

ಗುಮಾಸ್ತನ ನಿದ್ದೆ ಹಾರಿಹೋಯಿತು. ಅವನು ರಸೀದಿಯನ್ನು ಕೌಂಟರಿನ ಮೇಲೆ ಬಿಟ್ಟು, ಎರಡೂ ಕೈಯನ್ನು ಮೇಲೆತ್ತಿ ನೋಡಿಕೊಂಡ. ಕಕ್ಷಿದಾರ ಮುಳುಗುತ್ತಿರುವುದನ್ನು ಕಂಡು ವಕೀಲರು ನೆರವಿಗೆ ಬಂದರು.

"ವಾಟ್ ಹಿ ಮೀನ್ಸ್ ಈಸ್, ನೋ ಕ್ರಿಮಿನಲ್ ಪೌಡರ್."

ನಾನು ಹಿಂದೆ ತಿರುಗಿ ನೋಡಿದೆ. ಸಾಲಿನಲ್ಲಿದ್ದ ಹತ್ತು ಜನರಲ್ಲಿ ಒಬ್ಬರೂ ಇರಲಿಲ್ಲ. ಗಾಜಿನ ಬಾಗಿಲು ಇನ್ನೂ ಅಲ್ಲಾಡುತ್ತಿತ್ತು. ಗುಮಾಸ್ತ ಒಳಗೆ ಹೋಗಿ ಮೇಲಧಿಕಾರಿಯನ್ನು ಕರೆತಂದ. ಮೇಲಧಿಕಾರಿ ಬಹಳ ಸೌಜನ್ಯದಿಂದ ನಮ್ಮ ವಿಳಾಸ ಬರೆದುಕೊಂಡ. ಹೊರಗೆ ಬಂದಾಗ ಅಪ್ಪ ಹಣೆ ಒರೆಸಿಕೊಂಡು, "ಛಲೋ ಮನಷ್ಯಾ. ನಮ್ಮ ವಿಳಾಸ ಎಷ್ಟು ಕಾಳಜಿಯಿಂದ ಕೇಳಿದ ನೋಡು," ಎಂದರು.

ಆ ಕಾಳಜಿ ಮಧ್ಯಾಹ್ನ ನಾಲ್ಕು ಗಂಟೆಗೆ ನಮ್ಮ ಮನೆಗೆ ಬಂತು. ಒಬ್ಬರು ಅಂಚೆ ಇಲಾಖೆಯ ತನಿಖಾಧಿಕಾರಿ, ಉದ್ದನೆಯ, ಬಿಳಿ ಮೀಸೆಯ ಮನುಷ್ಯ. ಇನ್ನೊಬ್ಬ ಟೌನ್‌ಶಿಪ್ಪಿನ ಎಳೆಯ ಪೊಲೀಸ್. ಕೆಳಗೆ ನಿಂತ ಅವರ ಕಾರನ್ನು ಕಾಂಪ್ಲೆಕ್ಸಿನ ಎಲ್ಲ ಕಿಟಕಿಗಳಿಂದ ಎಲ್ಲ ಅಂಕಲ್ ಆಂಟಿಯರೂ ನೋಡುತ್ತಿದ್ದರು. ಕೃಷ್ಣಮೂರ್ತಿ ಅಂಕಲ್ ಕಿಟಕಿಯ ಪರದೆ ಮಾತ್ರ ಬಿಗಿಯಾಗಿ ಮುಚ್ಚಿತ್ತು.

ಅಜ್ಜಿ ಇಬ್ಬರಿಗೂ ನೀರು, ಬೆಲ್ಲ ತಂದಿಟ್ಟರು. ಅವರು ಮುಟ್ಟಲಿಲ್ಲ. ಬಿಳಿ ಮೀಸೆಯವರು ಪುಸ್ತಕ ತೆರೆದರು.

"ಬೆಳಿಗ್ಗೆ ಇಲ್ಲಿಂದ ಒಂದು ಸರ್ಕಾರಿ ಕಚೇರಿಗೆ ಫೋನ್ ಹೋಗಿದೆ. ಮಾಡಿದ್ದು ಯಾರು?"

ನಾನು ಕೈಯೆತ್ತಿದೆ, ತರಗತಿಯಲ್ಲಿ ಎತ್ತುವಂತೆ. ಏನು ಮಾತಾಡಿದಿ ಎಂದು ಕೇಳಿದರು. ನಾನು ಡೈರಿಯ ಕಡೆ ನೋಡಿದೆ. ಎಳೆಯ ಪೊಲೀಸ್ ಫೋನಿನ ಪಕ್ಕದಲ್ಲಿ ತೆರೆದೇ ಬಿದ್ದಿದ್ದ ಡೈರಿಯ ಕಡೆಗೆ ಬಗ್ಗಿ, ಸ್ವಲ್ಪ ಗಟ್ಟಿಯಾಗಿಯೇ ಓದಿದ.

"ನಂಬರ್ ಫೋರ್. ಡು ನಾಟ್ ಸೇ ಪೌಡರ್." ಆಮೇಲೆ ಮೆಲ್ಲಗೆ ಸೇರಿಸಿದ: "ಎರಡು ಗೆರೆ ಎಳೆದಿದ್ದಾರೆ, ಸರ್."

ಅದೇ ಗಳಿಗೆಯಲ್ಲಿ ಬಾಗಿಲು ತೆರೆಯಿತು. ಪದ್ಮಜಾ ಆಂಟಿ. ಏನಾಗುತ್ತಿದೆಯೆಂದು ನೋಡದೆ ಅವರಿಗೆ ಇರಲಾಗಿರಲಿಲ್ಲ. ಬರಲು ಒಂದು ನೆಪ ಬೇಕಿತ್ತು. ಹೋದ ತಿಂಗಳು ನಮ್ಮಿಂದ ಕಡ ಒಯ್ದಿದ್ದ ಮೈದಾ ಹಿಟ್ಟನ್ನು ಜಿಪ್‌ಲಾಕ್ ಚೀಲದಲ್ಲಿ ತುಂಬಿ ತಂದಿದ್ದರು.

"ರೀ, ನಿಮ್ಮ ಪುಡಿ ವಾಪಸ್ ಕೊಡೋಣ ಅಂತ..." ಎಂದು ಚೀಲವನ್ನು ಎತ್ತಿ ಹಿಡಿದರು. ಪೊಲೀಸಿನವರನ್ನು ಕಂಡರು. ಚೀಲವನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡರು.

ಬಚ್ಚಿಡದಿದ್ದರೆ ಚೆನ್ನಾಗಿತ್ತು. "ಮೇಡಂ, ಅದನ್ನು ನಿಧಾನವಾಗಿ ನೆಲದ ಮೇಲೆ ಇಡಿ," ಎಂದು ಎಳೆಯವನು ಎದ್ದು ನಿಂತ. ಆಂಟಿ ಮೈದಾವನ್ನು ಮಲಗಿದ ಮಗುವಿನಂತೆ ಇಳಿಸಿ, ಎರಡೂ ಕೈ ಎತ್ತಿ, "ಐ ಆಮ್ ಓನ್ಲಿ ನೇಬರ್! ಐ ಆಮ್ ಫ್ರಮ್ ಮೈಸೂರ್!" ಎಂದರು. ಬಾಗಲಕೋಟೆಯವರ ವ್ಯವಹಾರಕ್ಕೂ ಮೈಸೂರಿಗೂ ಸಂಬಂಧವಿಲ್ಲ ಎಂಬುದನ್ನು ಅಮೆರಿಕದ ಸರ್ಕಾರದ ಮುಂದೆ ಅವರು ಹೀಗೆ ದಾಖಲಿಸಿದರು.

"ಲಕೋಟೆಯಲ್ಲಿ ಹೋದದ್ದು ಇದೇನಾ?" ಬಿಳಿ ಮೀಸೆಯವರು ಅಪ್ಪನನ್ನು ಕೇಳಿದರು.

"ನೋ ಸರ್, ದಟ್ ಈಸ್ ಫಾರ್ ಹೋಳಿಗೆ. ಲಕೋಟೆಯಲ್ಲಿದ್ದದ್ದು ಹೋಲಿ ಆಶ್."

"ಇನ್ನೂ ಇದೆಯಾ ಮನೆಯಲ್ಲಿ?"

ಅಪ್ಪ ಅಜ್ಜಿಗೆ ತಿಳಿಸಿದರು. ಅಜ್ಜಿಯ ಮುಖ ಅರಳಿತು. ಬಂದಾಗಿನಿಂದ ಬೆಲ್ಲವನ್ನೂ ಮುಟ್ಟದ ಈ ಮನುಷ್ಯರು ಕಡೆಗೂ ಏನನ್ನೋ ಕೇಳಿದ್ದರು. ಜಗಲಿಯಿಂದ ಡಬ್ಬಿ ತಂದು, ಮುಚ್ಚಳ ತೆಗೆದು, ಮೂರು ಬೆರಳದ್ದಿ ತಮ್ಮ ಹಣೆಗೆ ಎಳೆದುಕೊಂಡರು. ಪುಡಿ ಗಾಳಿಯಲ್ಲಿ ಹಾರಿತು. ಇಬ್ಬರೂ ಗೋಡೆಯವರೆಗೆ ಸರಿದರು. ಆಗ ಅಜ್ಜಿ, ಇದರಲ್ಲಿ ಹೆದರುವಂಥದ್ದೇನೂ ಇಲ್ಲ ಎಂದು ಮಕ್ಕಳಿಗೆ ತೋರಿಸುವಂತೆ, ಒಂದು ಚಿಟಿಕೆ ತೆಗೆದು ನಾಲಿಗೆಯ ಮೇಲೆ ಹಾಕಿಕೊಂಡರು.

"ಮ್ಯಾಮ್! ನೋ!" ಪೊಲೀಸ್ ರೇಡಿಯೋಗೆ ಕೈ ಹಾಕಿದ. ಅಪ್ಪ "ಯವ್ವಾ!" ಎಂದು ಕೂಗಿದರು. ಪದ್ಮಜಾ ಆಂಟಿ ಯಾರೂ ಕೇಳದಿದ್ದರೂ ಇನ್ನೊಮ್ಮೆ ಮೈಸೂರು ಎಂದರು. ಅಜ್ಜಿಯನ್ನು ಬಿಟ್ಟರೆ ಕೋಣೆಯಲ್ಲಿ ಐದು ಜನ, ಐದು ಗಾಬರಿ. ಮೂರನೇ ಮಹಡಿಯಲ್ಲಿ ಇಂಥದ್ದು ದಿನಕ್ಕೆರಡು ಸಲ ಆಗುತ್ತದೆ.

"ಎಲ್ಲರೂ ಕೂತ್ಕೊಳ್ಳಿ," ಎಂದೆ, ಇಂಗ್ಲಿಷಿನಲ್ಲಿ, ಮೂರನೇ ಮಹಡಿಯ ದನಿಯಲ್ಲಿ.

ಕೂತರು. ತನಿಖಾಧಿಕಾರಿ ಕೂತರು, ಪೊಲೀಸ್ ಕೂತ, ಅಪ್ಪ ಕೂತರು, ಪದ್ಮಜಾ ಆಂಟಿ ಮೈದಾದ ಪಕ್ಕ ನೆಲದ ಮೇಲೆ ಕೂತರು.

"ನಾನು ನರ್ಸು. ಅವರಿಗೆ ಎಂಬತ್ತೊಂದು ವರ್ಷ. ಎಪ್ಪತ್ತು ವರ್ಷದಿಂದ ಬೆಳಿಗ್ಗೆ ಸಂಜೆ ಇದನ್ನು ಹಚ್ಚಿಕೊಳ್ಳುತ್ತಿದ್ದಾರೆ, ಬಾಯಿಗೂ ಹಾಕಿಕೊಳ್ಳುತ್ತಿದ್ದಾರೆ. ಬಿಪಿ ನನ್ನದಕ್ಕಿಂತ ಚೆನ್ನಾಗಿದೆ. ಇದು ಬೂದಿ. ಹಸುವಿನ ಸಗಣಿ ಸುಟ್ಟ ಬೂದಿ."

ಬಿಳಿ ಮೀಸೆಯವರು ಬರೆಯುತ್ತಿದ್ದವರು ನಿಲ್ಲಿಸಿದರು. "ಹಸುವಿನ ಏನು?"

"ಸಗಣಿ."

ಅವರು ಅಜ್ಜಿಯ ಬಾಯನ್ನು ನೋಡಿದರು. ಅಜ್ಜಿ ಅವರತ್ತ ಪ್ರೀತಿಯಿಂದ ನಕ್ಕರು. ಮನೆತನದ ಮರ್ಯಾದೆ ಕಾಪಾಡಲು ಅಪ್ಪ ಮುಂದೆ ಬಾಗಿದರು. "ಪ್ರೊಸೆಸ್ಡ್, ಸರ್."

ಅಧಿಕಾರಿ ಒಂದಿಷ್ಟು ಬೂದಿಯನ್ನು ಚೀಟಿ ಅಂಟಿಸಿದ ಚೀಲದಲ್ಲಿ ಹಾಕಿಕೊಂಡು, ಮೈದಾವನ್ನೂ ವಶಕ್ಕೆ ತೆಗೆದುಕೊಂಡರು. ಆಮೇಲೆ ಅಪ್ಪನ ರಸೀದಿಗಳನ್ನು ಮೇಜಿನ ಮೇಲಿಟ್ಟರು. "ಸೋಮವಾರ ನೀವು ಕಳಿಸಿದ್ದು ಎರಡು ಲಕೋಟೆ. ಒಂದು ಕಚೇರಿಗೆ. ಇನ್ನೊಂದು ಮನ್ರೋಗೆ. ಪುಡಿ ಯಾವುದರಲ್ಲಿದೆ?"

ನಾನು ಅಪ್ಪನನ್ನು ನೋಡಿದೆ. ಅಪ್ಪ ಬೆಲ್ಲವನ್ನು ನೋಡಿದರು.

"ಮನ್ರೋಕ್ಕ ಏನ ಕಳಿಸೀರಿ ಅಪ್ಪಾ?"

"ಸುಬ್ಬೂನ ಕೋರ್ಸಿನ ಅರ್ಜಿ ಅವ್ವಾ. ನಿನ್ನ ಹೆಸರಲೆ. ಐನೂರು ಡಾಲರ್ ಅಡ್ವಾನ್ಸ್."

"ದೀಪಾವಳಿ ಮಟಾ ತಡೀತೇನಿ ಅಂದಿದ್ರಿ."

"ಅಂದಿದ್ನಿ." ಅವರ ದನಿಯಲ್ಲಿ ಕಲಾವಿದನ ಗತ್ತು ಇರಲಿಲ್ಲ. "ನಮ್ಮ ಫ್ಲೋರ್ನಾಗ ಶುಕ್ರವಾರಕ್ಕೊಮ್ಮೆ ಕೆಲಸದಿಂದ ತಗದವರ ಪಟ್ಟಿ ಹಚ್ಚಾಕತ್ಯಾರವ್ವಾ. ಈ ಸಲ ಹನ್ನೊಂದು ಮಂದಿ ಹೋದ್ರು. ಮುಂದಿನ ಪಟ್ಟ್ಯಾಗ ನಾ ಇದ್ರ ನಿನ್ನ ಸಾಲ ತೀರಿಸೂದು ಹೆಂಗ? ಒಂದ ಅರ್ಜಿ ನಂಬಿ ಕುಂದ್ರಾಕ ಧೈರ್ಯ ಆಗಲಿಲ್ಲ."

ಬಿಳಿ ಮೀಸೆಯವರಿಗೆ ಕನ್ನಡ ಬಾರದು. ಆದರೂ ಪೆನ್ನು ಕೆಳಗಿಟ್ಟು ಕಾದರು. ನಾನು ಅಜ್ಜಿಯನ್ನು ಕೇಳಿದೆ, ಯಾವ ಲಕೋಟೆಯಲ್ಲಿ ಇಟ್ಟಿರಿ ಎಂದು.

"ನನಗೇನ ಇಂಗ್ಲಿಷ್ ಬರ್ತೈತೇನು? ಬೆಳಿಗ್ಗೆ ಎದ್ದು ನೋಡ್ತೇನಿ, ಜಗಲಿ ಮುಂದ ಎರಡ ಅದಾವು. ಒಂದಕ್ಕ ನೀ ಹಾಳಾದ ಪಟ್ಟಿ ಸುತ್ತೀದಿ, ಉಗುರು ಮುರದ್ರೂ ಬಿಚ್ಚಾಕ ಬರಲಿಲ್ಲ. ಇನ್ನೊಂದು ಬಾಯಿ ತೆರಕೊಂಡು ಬಿದ್ದಿತ್ತು. ಅದರಾಗ ಇಟ್ನಿ. ಎರಡೂ ನಿನ್ನ ಸಲುವಾಗೇ ಅಲ್ಲೇನು?"

ನನ್ನ ಅರ್ಜಿ ಶುದ್ಧವಾಗಿ ಹೋಗಿತ್ತು. ಎದೆಯ ಮೇಲಿಂದ ಯಾರೋ ಎದ್ದು ಹೋದಂತಾಯಿತು. ಮರುಗಳಿಗೆಯಲ್ಲೇ ಇನ್ನೊಬ್ಬರು ಬಂದು ಕೂತರು: ಹಾಗಾದರೆ ಸುಬ್ಬು ಅಂಕಲ್?

ತನಿಖಾಧಿಕಾರಿಯ ಆಜ್ಞೆಯಂತೆ ಅಪ್ಪ ಸ್ಪೀಕರ್ ಫೋನಿನಲ್ಲಿ ಮನ್ರೋಗೆ ಕರೆ ಮಾಡಿದರು. ಹಲೋ ಎನ್ನುವ ಅವಕಾಶವೂ ಸಿಗಲಿ‍ಲ್ಲ.

"ಅಮರೇಶ್ವರ ಅವ್ರೇ! ನೂರು ವರ್ಷ ಆಯಸ್ಸು ನಿಮ್ಗೆ! ನಿಮ್ಮ ಪುಡಿಕೆ ಬುಧವಾರವೇ ಬಂತು ರೀ. ಟೆಸ್ಟಿಂಗ್ ಕೋರ್ಸಿಗೆ ಯಾರೂ ಪ್ರಸಾದ ಕಳಿಸಿರ್ಲಿಲ್ಲ ನೋಡಿ. ನಿನ್ನೆ ನಾಲ್ಕು ಹುಡುಗರಿಗೆ ಇಂಟರ್ವ್ಯೂ ಇತ್ತು. ಈ ಕೆಟ್ಟ ಮಾರ್ಕೆಟ್ಟಲ್ಲಿ ಯಾರಿಗೆ ಕೆಲಸ ಸಿಗುತ್ತೆ ಹೇಳಿ? ಹಚ್ಕೊಂಡ್ ಹೋಗ್ರೋ ಅಂದೆ. ಮೂವರು ಸೆಲೆಕ್ಟ್! ನಮ್ಮನೇಲಿ ಹಚ್ಚೋ ಪದ್ಧತಿ ಇಲ್ಲ, ಆದ್ರೂ ನಾನೂ ಒಂದು ಗೆರೆ ಎಳ್ಕೊಂಡಿದೀನಿ. ಇನ್ನೊಂದಿಷ್ಟು ಕಳ್ಸೋಕಾಗುತ್ತಾ?"

"ಏನು ಹೇಳುತ್ತಿದ್ದಾರೆ?" ತನಿಖಾಧಿಕಾರಿ ನನ್ನನ್ನು ಕೇಳಿದರು.

"ಬುಧವಾರವೇ ತೆರೆದರಂತೆ. ನಾಲ್ಕು ಹುಡುಗರಿಗೆ ಹಂಚಿದರಂತೆ. ತಾವೂ ಹಣೆಗೆ ಹಚ್ಚಿಕೊಂಡಿದ್ದಾರೆ."

"ದೇವರೇ. ಅವರೆಲ್ಲ ಹೇಗಿದ್ದಾರೆ?"

ನಾನು ಸುಬ್ಬು ಅಂಕಲ್ಲನ್ನು ಕೇಳಿದೆ. ಉತ್ತರವನ್ನು ಅನುವಾದಿಸಿದೆ. "ಹಚ್ಚಿಕೊಂಡವರೆಲ್ಲ ಚೆನ್ನಾಗಿದ್ದಾರೆ. ಹಚ್ಚಿಕೊಳ್ಳದ ಒಬ್ಬನ ಸ್ಥಿತಿ ಸರಿಯಿಲ್ಲ. ಅವನಿಗೆ ಕೆಲಸ ಸಿಗಲಿಲ್ಲ."

ಬಿಳಿ ಮೀಸೆ ಒಮ್ಮೆ ನಡುಗಿತು. ನಗುವನ್ನು ತಡೆದದ್ದೋ ಕೆಮ್ಮೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೊರಡುವಾಗ ಅವರು ಅಂಚೆಯಲ್ಲಿ ಇನ್ನು ಮುಂದೆ ಯಾವ ಬೂದಿಯನ್ನೂ ಕಳಿಸಕೂಡದೆಂದು ಅಪ್ಪನಿಗೆ ಗಂಭೀರವಾಗಿ ಹೇಳಿದರು. ಅಪ್ಪ ಒಪ್ಪಿ, ಬೇಕಾದರೆ ಈ ಬಗ್ಗೆ ಒಂದು ಅರ್ಜಿ ಬರೆದುಕೊಡುತ್ತೇನೆ ಎಂದರು. ಬಿಳಿ ಮೀಸೆಯವರು ಬೇಡ ಎಂದರು. ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದರು: "ಆ ಸಾಲದ ಯೋಜನೆಯ ಹೆಸರೇನು? ನನ್ನ ಮಗಳೂ ನರ್ಸಿಂಗ್ ಓದ್ತಿದ್ದಾಳೆ." ಬರೆದುಕೊಟ್ಟೆ.

ಬೂದಿ ನಿರಪಾಯ ಎಂದು ಮಂಗಳವಾರ ಅವರ ಫೋನ್ ಬಂತು. ಪದ್ಮಜಾ ಆಂಟಿಯ ಮೈದಾ ಕೂಡ ನಿರಪಾಯವಂತೆ. ವಾಪಸು ಮಾತ್ರ ಬರಲಿಲ್ಲ. ಆದರೆ ನನ್ನ ಕಾಗದದ ಸುದ್ದಿಯೇ ಇಲ್ಲ. ಫೋನಿನಲ್ಲಿ ಅಂಥ ಪ್ರಶ್ನೆ ಕೇಳಿದವಳ ಅರ್ಜಿಯನ್ನು ಯಾರು ತಾನೇ ಕೈಯಿಂದ ಮುಟ್ಟುತ್ತಾರೆ? ದಿನಾ ಡ್ಯೂಟಿ ಮುಗಿಸಿ ಬಂದು ಪೋಸ್ಟ್ ಬಾಕ್ಸಿನ ಮುಂದೆ ನಿಲ್ಲುತ್ತಿದ್ದೆ. ಬರುತ್ತಿದ್ದುದು ಪಿಜ್ಜಾ ಕೂಪನ್ನುಗಳು. ನವೆಂಬರಿನ ಎರಡನೆಯ ಶುಕ್ರವಾರ ಅಪ್ಪ ಮಧ್ಯಾಹ್ನವೇ ಮನೆಗೆ ಬಂದರು, ಕೈಯಲ್ಲೊಂದು ರಟ್ಟಿನ ಡಬ್ಬ, ಡಬ್ಬದಲ್ಲಿ ಅವರ ಕಾಫಿ ಮಗ್ಗು ಮತ್ತು ಬಸವಣ್ಣನ ಪಟ. ಆ ವಾರದ ಪಟ್ಟಿಯಲ್ಲಿ ಅವರ ಹೆಸರಿತ್ತು. ಅಜ್ಜಿ ಪಟವನ್ನು ತೆಗೆದು ಜಗಲಿಯ ಮೇಲಿಟ್ಟರು. ಆ ರಾತ್ರಿ ನಾನೇ ಹೇಳಿದೆ, ಕಾಗದ ಬಂದರೂ ಬರದಿದ್ದರೂ ಸುಬ್ಬು ಅಂಕಲ್ ಬ್ಯಾಚಿಗೆ ಸೇರುತ್ತೇನೆಂದು.

ದೀಪಾವಳಿ ಅಮಾವಾಸ್ಯೆಯ ದಿನ ದಪ್ಪನೆಯ ಲಕೋಟೆ ಬಂತು. ನಾನು ಪೋಸ್ಟ್ ಬಾಕ್ಸಿನ ಹತ್ತಿರವೇ ಹರಿದೆ. ಅರ್ಜಿ ಪೂರ್ಣವಾಗಿದೆ, ಅಭ್ಯರ್ಥಿ ಅರ್ಹಳು, ನೆರವಿನ ನಿರ್ಧಾರ ವಸಂತದಲ್ಲಿ. ಕೊನೆಗೆ ಒಂದು ಸಾಲು: ಅನಗತ್ಯವಾಗಿ ಲಗತ್ತಿಸಿರುವ ದಾಖಲೆಯೊಂದನ್ನು ಹಿಂದಿರುಗಿಸಿದೆ. ಜೊತೆಗೆ ಪಿನ್ನು ಹಾಕಿದ ಹಳದಿ ಕಾಗದ. ಅಪ್ಪನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ನಾನು ಕಿತ್ತುಹಾಕಿದ್ದು ಅದರ ನಕಲಿರಬೇಕು; ಇದನ್ನು ಫಾರ್ಮಿನ ಪುಟಗಳ ನಡುವೆ ಯಾವಾಗ ತುರುಕಿದ್ದರೋ.

ಅಪ್ಪ ಕಾಗದವನ್ನು ಎರಡು ಸಲ ಓದಿದರು. ಆಮೇಲೆ ಅಂಕಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಸುಬ್ಬೂ ಅಡ್ವಾನ್ಸ್ ವಾಪಸ್ ಕೊಡೂದಿಲ್ಲಂತ. ಸೀಟ್ ಹಾಳ ಆಗಬಾರದು. ನೀ ಆಸ್ಪತ್ರಿಗೆ ಹೋಗವ್ವಾ, ಪಾಡ್ಯದಿಂದ ನಾ ಕುಂದರ್ತೇನಿ. ಎಸ್ಸೆಸ್ಸೆಲ್ಸ್ಯಾಗ ಗಣಿತಕ್ಕ ಎಂಬತ್ತೇಳು ನನಗ." ಅಜ್ಜಿ ಅವರ ಹಣೆಗೆ ಮೂರು ಬೆರಳು ಎಳೆದರು. ಆರು ವಾರ ಅಪ್ಪ ಹಾಗೆಯೇ, ತಮಗಿಂತ ಅರ್ಧ ವಯಸ್ಸಿನ ಹುಡುಗರ ನಡುವೆ, ಬೇಸ್‌ಮೆಂಟಿಗೆ ಇಳಿದು ಬಂದರು. ಮನೆ ನನ್ನ ಸಂಬಳದಲ್ಲಿ ನಡೆಯಿತು.

ಏಪ್ರಿಲಿನಲ್ಲಿ ನೆರವು ಮಂಜೂರಾಯಿತು. ಎರಡು ವರ್ಷದ ಕರಾರಿಗೆ ಸಹಿ ಹಾಕಿ ಕಳಿಸಬೇಕಿತ್ತು. ಹಾಕಿದೆ, ಮುಚ್ಚಿದೆ, ನಾಲ್ಕು ಸುತ್ತು ಅಂಟುಪಟ್ಟಿ ಸುತ್ತಿದೆ. ಅಜ್ಜಿ ಆ ಪಟ್ಟಿಯನ್ನು ದುರುಗುಟ್ಟಿ ನೋಡಿ, ಲಕೋಟೆಗೆ ಆಗದ್ದನ್ನು ನನ್ನ ಹಣೆಗೆ ಮಾಡಿದರು. ಒರೆಸಿಕೊಳ್ಳುವುದು ಮರೆತು ಹಾಗೆಯೇ ಅಂಚೆ ಕಚೇರಿಗೆ ಹೋದೆ.

ಅದೇ ಕೌಂಟರ್, ಅದೇ ಬೋಳುತಲೆ. ಲಕೋಟೆಯ ಮೇಲಿನ ವಿಳಾಸ ನೋಡಿದ. ನನ್ನನ್ನು ನೋಡಿದ. ಕೈ ಹಿಂದಕ್ಕೆ ಸರಿಯಿತು.

"ನಿಮ್ಮ ಹಣೆಯ ಮೇಲೆ ಅದೇನು?"

ಹಿಂದೆ ಸಾಲಿನಲ್ಲಿ ಆರು ಜನ ಇದ್ದರು. ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು.

"ಸಗಣಿ," ಎಂದೆ ಮೂರನೇ ಮಹಡಿಯ ದನಿಯಲ್ಲಿ. "ಪ್ರೊಸೆಸ್ಡ್. ಸೀಲು ಹೊಡೆಯಿರಿ."

ಹೊಡೆದ.